ಪೀಪಾಯಿಯ ಕೋಸು

ಫುಟೋಗ್ ಊರಿನ ಕೋಸಿನ ಹೊಲಗಳಲ್ಲಿ ಬೆಳೆದ ರಾಡೊಯ್ಕಾ, ತನ್ನ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವಳು. ಈಗ ಹತ್ತಿರದ ನಗರ ನೋವಿಸಾದಿನ ಪ್ರಯೋಗಾಲಯದಲ್ಲಿ ಕೆಲಸ. ಎಲೆಕೋಸಿನಿಂದ ತೆಗೆದ ಒಂದು ಅಂಶ ಸ್ತನದ ನೋವಿನ ಗಂಟುಗಳನ್ನು ಕರಗಿಸೀತೇ, ಮುಂದೆ ಕ್ಯಾನ್ಸರನ್ನೂ ತಡೆದೀತೇ ಎಂಬ ಪರೀಕ್ಷೆ ಅಲ್ಲಿ ನಡೆದಿತ್ತು. ತನ್ನೂರಿನ ಅರವತ್ತು ಹೆಂಗಸರನ್ನು ಅದಕ್ಕೆ ಒಪ್ಪಿಸಿದವಳು ಅವಳೇ. ಅರ್ಧ ಜನಕ್ಕೆ ಔಷಧದ ಗುಳಿಗೆ, ಹೋಲಿಸಿ ನೋಡಲು ಉಳಿದವರಿಗೆ ಬರಿಯ ಹಿಟ್ಟಿನದು. ಯಾರೂ ಕೋಸು ತಿನ್ನಬಾರದೆಂಬುದೊಂದೇ ಪಥ್ಯ.

ಜನವರಿಯಲ್ಲಿ ಮೂತ್ರ ಪರೀಕ್ಷಿಸಿದರೆ, ಹಿಟ್ಟು ನುಂಗಿದವರಲ್ಲೂ ಆ ಅಂಶ ಧಾರಾಳವಾಗಿತ್ತು.

“ಗುಳಿಗೆ ಸೀಸೆಗಳನ್ನ ಅದಲುಬದಲು ಮಾಡಿದೀಯಮ್ಮ,” ಎಂದರು ಮುಖ್ಯಸ್ಥೆ ಡಾಕ್ಟರ್ ವುಕೊಸಾವಾ. “ಸೋಮವಾರದೊಳಗೆ ಕಾರಣ ಹೇಳು. ಇಲ್ದಿದ್ರೆ ಪರೀಕ್ಷೆ ನಿಲ್ಲತ್ತೆ, ನೀನೂ ಬೇರೆ ಕೆಲ್ಸ ನೋಡ್ಕೋ.”

ಯಂತ್ರ ಕೆಟ್ಟಿರಬೇಕೆಂದು ರಾಡೊಯ್ಕಾ ತನ್ನದೇ ಮೂತ್ರವನ್ನು ಇಟ್ಟು ನೋಡಿದಳು. ಯಾವ ಗುಳಿಗೆಯನ್ನೂ ಮುಟ್ಟದ ಅವಳಲ್ಲೂ ಅದೇ ಅಂಶ. ಬರಿಯ ನೀರಿಟ್ಟರೆ ಏನೂ ಕಾಣಲಿಲ್ಲ; ಯಂತ್ರ ಸರಿಯಾಗಿಯೇ ಇತ್ತು.

ಭಾನುವಾರ ಊರಿಗೆ ಹೋದಳು. ಅಮ್ಮ ಚಳಿಗಾಲಕ್ಕೆಂದು ಪೀಪಾಯಿಯ ಉಪ್ಪುನೀರಿನಲ್ಲಿ ಹುಳಿಸಿಟ್ಟ ಎಲೆಯಲ್ಲಿ ಮಾಂಸ ಸುತ್ತಿ ಬೇಯಿಸಿದ ಸರ್ಮಾವನ್ನು ತಟ್ಟೆಗೆ ಬಡಿಸಿದಳು; ವಾರವಾರವೂ ಮಗಳ ಡಬ್ಬಿಗೆ ತುಂಬಿ ಕಳಿಸುತ್ತಿದ್ದುದೂ ಇದನ್ನೇ. ಮೊದಲ ತುತ್ತಿಗೇ ರಾಡೊಯ್ಕಾಳ ಕೈ ನಿಂತಿತು.

“ಅಮ್ಮಾ, ಇದು ಕೋಸು.”

“ಮತ್ತೆ ಇಷ್ಟು ವರ್ಷ ಮೀನು ಅಂತ ತಿಂದ್ಯಾ?”

ಅವಳು ತಟ್ಟೆ ಬಿಟ್ಟು ಪಕ್ಕದ ಮನೆಗೆ ಓಡಿದಳು. ಅಲ್ಲಿನ ಸ್ಮಿಲ್ಯಾ ಹಿಟ್ಟಿನ ಗುಳಿಗೆಯ ಪಾಲಿನವಳು.

“ಅತ್ತೆ, ಕೋಸು ತಿಂದ್ರಾ?”

“ದೇವರಾಣೆ ಒಂದೆಲೆ ಮುಟ್ಟಿಲ್ಲ.”

“ಪೀಪಾಯೀದು?”

“ಅದನ್ಯಾರು ಕೋಸು ಅಂತಾರೆ? ಅದು ಚಳಿಗಾಲದ ಊಟ ಕಣೆ. ಬೆಳಿಗ್ಗೆ ಅದರ ಹುಳಿನೀರು ಒಂದು ಲೋಟ ಕುಡೀದೆ ನಾನು ಕಣ್ಣೇ ಬಿಡಲ್ಲ.”

ರಾಡೊಯ್ಕಾಗೆ ನಗು ತಡೆಯಲಾಗಲಿಲ್ಲ. ಹಿಮ ತುಳಿಯುತ್ತ ಮನೆಯಿಂದ ಮನೆಗೆ ನಡೆದಳು. ಸಂಜೆಯ ಹೊತ್ತಿಗೆ ಇಪ್ಪತ್ತಾರು ಮನೆ, ಇಪ್ಪತ್ತಾರು ಪೀಪಾಯಿ, ಎಲ್ಲರ ಬಾಯಲ್ಲೂ ಅದೇ ಆಣೆ. ಕೆನ್ನೆ ಚಳಿಗೆ ಉರಿಯುತ್ತಿದ್ದರೂ ಎದೆ ಕುಣಿಯುತ್ತಿತ್ತು.

ಸೋಮವಾರ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಡಾಕ್ಟರ್ ವುಕೊಸಾವಾ ಕನ್ನಡಕ ತೆಗೆದರು.

“ಪಥ್ಯದ ಹಾಳೆ ಬರೆದೋರ್ಯಾರು?”

“ನಾನೇ. ಕೋಸಿನ ಊರೋಳು.”

“ಸಹಿ ಹಾಕ್ದೋಳು ನಾನು. ನಮ್ಮನೆ ಬಾಲ್ಕನೀಲೂ ಒಂದು ಪೀಪಾಯಿ ಕೂತಿದೆ.” ಗೋಡೆಯ ಕ್ಯಾಲೆಂಡರಿನತ್ತ ತಿರುಗಿ ಕೇಳಿದರು, “ನಿಮ್ಮೂರಲ್ಲಿ ಅದು ಖಾಲಿಯಾಗೋದು ಯಾವಾಗ?”

“ಏಪ್ರಿಲ್.”

“ಹಾಗಾದ್ರೆ ಮೇ ತಿಂಗಳಲ್ಲಿ ಪರೀಕ್ಷೆನ ಮೊದಲಿಂದ ಶುರು ಮಾಡು. ಆ ಅರವತ್ತು ಜನರನ್ನೂ ನೀನೇ ಕರ್ಕೊಂಡು ಬಾ.”

ರಾಡೊಯ್ಕಾ ಆಗಲೇ ಪಥ್ಯದ ಹೊಸ ಹಾಳೆ ಎಳೆದುಕೊಂಡು ಬರೆಯತೊಡಗಿದ್ದಳು: ಮುಟ್ಟಬಾರದ್ದು — ಸರ್ಮಾ, ಹುಳಿನೀರು, ಪೀಪಾಯಿಯದು ಏನೇ ಇರಲಿ.