ಪಾಕ್ ಕುಸ್ನಾದಿಯವರ ಗುಡಿಸುವ ಯಂತ್ರ

ಇಂಡೊನೇಷ್ಯಾದ ಸೆಮಾರಾಂಗ್‌ನ ನಮ್ಮ ಓಣಿಯಲ್ಲಿ ಕಸ ಗುಡಿಸುವ ರೋಬೋಟ್ ಸಾಕಿಕೊಂಡವರು ಪಾಕ್ ಕುಸ್ನಾದಿ, ಅಂದರೆ ಕುಸ್ನಾದಿ ರಾಯರು, ಒಬ್ಬರೇ. ಸಾಕಿಕೊಂಡವರು ಎಂದೇ ಹೇಳಬೇಕು, ಏಕೆಂದರೆ ಅದಕ್ಕೆ ಮಾಡುವಷ್ಟು ಉಪಚಾರವನ್ನು ಅವರು ಸ್ವಂತ ಬೀಗರಿಗೂ ಮಾಡಿದವರಲ್ಲ. ಅದು ಹೊರಡುವ ಮುಂಚೆ ಚಾಪೆ ಸುತ್ತಿಡಬೇಕು, ಚಪ್ಪಲಿ ಎತ್ತಿಡಬೇಕು, ಕುರ್ಚಿಗಳನ್ನು ಮೇಜಿನ ಮೇಲೇರಿಸಬೇಕು. ತಿರುಗಿ ಬಂದ ಮೇಲೆ ಹೊಟ್ಟೆ ಮೇಲಾಗಿ ಮಲಗಿಸಿ, ಸುತ್ತಿಕೊಂಡ ಕೂದಲನ್ನು ಕತ್ತರಿಯಿಂದ ಬಿಡಿಸಬೇಕು. ಬೆಕ್ಕು ಗಲೀಜು ಮಾಡಿದ ದಿನವಂತೂ ಅದು ಆ ಪ್ರಸಾದವನ್ನು ಮನೆಯ ಮೂಲೆಮೂಲೆಗೂ ಹಂಚಿ ಬರುತ್ತದೆ. "ತುಂಬಾ ಅನುಕೂಲ ಕಣ್ರೀ, ಗುಡಿಸೋದೊಂದು ಬಿಟ್ಟು ಮಿಕ್ಕಿದ್ದೆಲ್ಲಾ ನಾನೇ ಮಾಡ್ತೀನಿ," ಎಂದು ಕಂಡವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಾರೆ. ಸೊಂಟ ಮುರಿದು ಆಪರೇಷನ್ ಆದ ಮೇಲೆ, ನಡೆಯಿರಿ ನಡೆಯಿರಿ ಎಂದು ಡಾಕ್ಟರು ಎಷ್ಟು ಹೇಳಿದರೂ ಬೆತ್ತದ ಕುರ್ಚಿ ಬಿಟ್ಟೇಳದ ಅವರ ಹೆಂಡತಿ ಲಸ್ಮಿನಿ, ಕೂತಲ್ಲಿಂದಲೇ ಯಂತ್ರವನ್ನು ಬೈಯುತ್ತಾರೆ: "ಏ ಮೈಗಳ್ಳ, ಮೂಲೆ ಯಾರಪ್ಪ ಗುಡಿಸ್ತಾನೆ?" ಮೊನ್ನೆ ಸೋಯಾ ಕಾಳು ಹುದುಗಿಸಿ ಮಾಡಿದ ಟೆಂಪೆ ಕೊಡಲು ಹೋದವಳು ಕಿಟಕಿಯಿಂದ ಕಂಡೆ: ಕುಸ್ನಾದಿ ಅತ್ತಿತ್ತ ನೋಡಿ, ಯಂತ್ರವನ್ನು ಕಾಲಿನಿಂದ ಮೆಲ್ಲಗೆ ಬೀರುವಿನ ಕೆಳಗೆ ತಳ್ಳಿದರು. ಅದು ಸಿಕ್ಕಿಕೊಂಡು ಚೀರತೊಡಗಿತು. "ಅಯ್ಯೋ, ಮತ್ತೆ ಸಿಕ್ಕೊಂಡ್ತಲ್ಲೇ! ನಂಗೇನೂ ತೋಚ್ತಿಲ್ಲ," ಎಂದು ಕೈಚೆಲ್ಲಿ ನಿಂತರು. ಲಸ್ಮಿನಿ ಗೊಣಗುತ್ತ ಎದ್ದು, ಊರುಗೋಲು ಊರಿಕೊಂಡು ಕೋಣೆಯ ಆ ತುದಿಯವರೆಗೆ ನಡೆದುಬಂದು, ಕೋಲಿನಿಂದಲೇ ಅದನ್ನು ಹೊರಗೆಳೆದರು. "ನಾನಿಲ್ದಿದ್ರೆ ನಿಮ್ಮಿಬ್ರ ಗತಿ ಏನು?" ಎಂದು ಬೆವರು ಒರೆಸಿಕೊಂಡು ನಕ್ಕರು. "ಹೂಂ ಕಣೇ," ಎಂದು ಕುಸ್ನಾದಿ ನಿಟ್ಟುಸಿರಿಟ್ಟರು, "ಈ ಹಾಳಾದ್ದನ್ನ ನಂಬೋ ಹಾಗಿಲ್ಲ. ನಾಳೆ ಅಡುಗೆಮನೇಲಿ ಹೋಗಿ ಸಿಕ್ಕೊಂಡ್ರೂ ಸಿಕ್ಕೊಂಡೀತು."