ಹೊಳೆಗೊಂದು ಕುಬಸ

ಟಣ್, ಟಣ್, ಟಣ್. ಘಟಪ್ರಭೆಯ ಆಚೆ ದಂಡೆಯಲ್ಲಿ ಯಾರೋ ಕಂಚಿನ ತಾಟು ಬಡಿಯುತ್ತಿದ್ದಾರೆ. ಅಲ್ಲಿ ಅದಕ್ಕೆ ಒಂದೇ ಅರ್ಥ: ಯಾವುದೋ ಮನೆಯಲ್ಲಿ ಹೆರಿಗೆ ಬೇನೆ ಶುರುವಾಗಿದೆ, ನರ್ಸಬಾಯಿ ಬರಬೇಕು. ಈ ವಯಸ್ಸಿನಲ್ಲೂ ಪಕ್ಕದ ಮನೆಯಲ್ಲಿ ಪಾತ್ರೆ ಬಿದ್ದರೆ ನನಗೆ ಮೊದಲು ನೆನಪಾಗುವುದು ಆ ಸದ್ದೇ.

1926ರಲ್ಲಿ ನಾನು ಬಾಗಲಕೋಟೆಯಿಂದ ಮೂಡಣಕ್ಕೆ, ಚಕ್ಕಡಿಯಲ್ಲಿ ಅರ್ಧ ದಿನದ ದಾರಿಯ ಒಂದು ಸಣ್ಣ ದವಾಖಾನೆಯಲ್ಲಿ ಮಿಡ್‌ವೈಫ್ ಆಗಿದ್ದೆ. ಬೆಳಗಾವಿಯ ಕಾನ್ವೆಂಟಿನ ಓದು, ಆಮೇಲೆ ಟ್ರೇನಿಂಗ್, ಮೈಮೇಲೆ ಬಿಳಿ ಸ್ಟಾರ್ಚ್ ಹಾಕಿದ ಯೂನಿಫಾರ್ಮು. ಎಲ್ಲ ಕಲಿಸಿದ್ದರು, ಹೊಳೆ ದಾಟುವುದನ್ನು ಮಾತ್ರ ಕಲಿಸಿರಲಿಲ್ಲ.

ಮಳೆಗಾಲದಲ್ಲಿ ನಮಗೆ ಹರಿಗೋಲೇ ಗತಿ. ಬಿದಿರ ಬುಟ್ಟಿಗೆ ಚರ್ಮ ಹೊದಿಸಿದ ಆ ದುಂಡು ದೋಣಿ ಸೆಳವಿನಲ್ಲಿ ಬುಗುರಿಯಂತೆ ತಿರುಗುತ್ತದೆ. ಹೊಳೆ ಇಳಿಸಿದಲ್ಲಿ ಇಳಿಯಬೇಕು. ಹಿಂದಿನ ವರ್ಷ ಆಚೆ ದಂಡೆಯ ಕಾಳವ್ವನ ಚೊಚ್ಚಲ ಹೆರಿಗೆಗೆ ಹೊರಟವಳನ್ನು ಅದು ಎಷ್ಟೋ ಕೆಳಗೆ ಒಯ್ದು ಬಿಟ್ಟಿತು. ಎರೆಮಣ್ಣಿನ ಕೆಸರಲ್ಲಿ ನಡೆದು ನಾನು ಮುಟ್ಟುವ ಹೊತ್ತಿಗೆ ಕೂಸು ಉಳಿದಿರಲಿಲ್ಲ. ಕಾಲು ಮುಂದಾಗಿ ಬಂದ ಕೂಸು. ಬ್ರೀಚ್ ಕೇಸ್. ಪಳಗಿದ ಕೈ ಇದ್ದಿದ್ದರೆ ಬದುಕಬಹುದಿತ್ತು.

ಕಾಳವ್ವ ನಮ್ಮೂರಿನ ಬಡಿಗೇರ ಮೌನೇಶಪ್ಪನ ಮಗಳು. ಅವಳಿಗೆ ತಾಯಿ ಇರಲಿಲ್ಲ. ತಾಯಿ ಇಲ್ಲದ ತವರಿಗೆ ಬಾಣಂತನಕ್ಕೆ ಕಳಿಸುವುದು ಹೇಗೆ ಎಂದು ಅತ್ತೆ ತಮ್ಮಲ್ಲೇ ಇಟ್ಟುಕೊಂಡಿದ್ದಳು. ಶಿವರಾತ್ರಿಯ ಮರುದಿನ ಮೌನೇಶಪ್ಪ ದವಾಖಾನೆಯ ಕಟ್ಟೆಗೆ ಬಂದು ಕೂತ. ಮಗಳಿಗೆ ಮತ್ತೆ ಮೂರು ತಿಂಗಳು. ಶ್ರಾವಣಕ್ಕೆ ದಿನ ತುಂಬುತ್ತವೆ, ಹೊಳೆಯೂ ತುಂಬುತ್ತದೆ.

"ಬಾಯಾರ, ನಾ ಬುದ್ಧಿ ಬಂದಾಗಿಂದ ಬಂಡಿ ಮಾಡೇನಿ. ನೀರಾಗ ನೆಟ್ಟಗ ಓಡೂ ಬಂಡಿ ಹ್ಯಾಂಗಿರತೈತಿ, ನಿಮಗ ಗೊತ್ತೈತೇನ್ರಿ?"

"ಮಾಡಿದ್ದು ಗೊತ್ತಿಲ್ಲ ಮೌನೇಶಪ್ಪ. ಚಿತ್ರ ನೋಡೇನಿ."

ಕಾನ್ವೆಂಟಿನಲ್ಲಿ ಐರ್ಲೆಂಡಿನ ಕಡಲ ದಂಡೆಯಿಂದ ಬಂದ ಒಬ್ಬ ಸಿಸ್ಟರ್ ಇದ್ದರು. ಹೋಮ್‌ಸಿಕ್ ಆದಾಗಲೆಲ್ಲ ಬೋರ್ಡಿನ ಮೇಲೆ ಹಾಯಿದೋಣಿ ಬರೆಯುತ್ತಿದ್ದರು. ಹೊಟ್ಟೆಯ ನಡುವೆ ನೀರಿಗೆ ಇಳಿಬಿಡುವ ಹಲಗೆ, ಅಂದರೆ ಸೆಂಟರ್‌ಬೋರ್ಡ್, ಇದ್ದರೆ ದೋಣಿ ಗಾಳಿಗೆ ಪಕ್ಕಕ್ಕೆ ಜಾರುವುದಿಲ್ಲ. ಮಗ್ಗುಲಿನಿಂದ ಬೀಸುವ ಗಾಳಿಯೇ ಹಾಯಿಗೆ ಬೆಸ್ಟ್ ಫ್ರೆಂಡ್ ಎನ್ನುತ್ತಿದ್ದರು. ನಮ್ಮ ಹೊಳೆ ಪಡುವಣದಿಂದ ಮೂಡಣಕ್ಕೆ ಹರಿಯುತ್ತದೆ, ಮಳೆಗಾಲದ ಗಾಳಿಯೂ ಹಾಗೇ ಬೀಸುತ್ತದೆ. ಅಡ್ಡ ದಾಟುವವರಿಗೆ ಹೋಗುವಾಗಲೂ ಬರುವಾಗಲೂ ಮಗ್ಗುಲ ಗಾಳಿ!

ನನ್ನ ಕ್ವಾರ್ಟರ್ಸಿನ ಹಿತ್ತಲಲ್ಲಿ ಕೆಲಸ ಶುರುವಾಯಿತು. ಬೆಳಿಗ್ಗೆ ಪೇಷೆಂಟುಗಳು, ಸಂಜೆ ದೋಣಿ. ನಾನು ಹಲಗೆ ಹಿಡಿದೆ, ಮೊಳೆ ಬಡಿದೆ, ಹೆಬ್ಬೆರಳೂ ಬಡಿದುಕೊಂಡೆ. ಬೇಲಿಯಾಚೆ ಹೆಂಗಸರ ಸಂತೆ.

"ನರ್ಸಬಾಯಾರು ತೊಟ್ಲಾ ಮಾಡಾಕತ್ತಾರೇನವಾ?"

"ಮೊದ್ಲ ಲಗ್ನಾ ಆಗ್ಲಿ ತಡೀ!"

ಮೌನೇಶಪ್ಪ ಹಲಗೆಗಳನ್ನು ಬಂಡಿಯ ಗಾಲಿಯಂತೆ ಬಿಗಿದ. ಸಂದಿನಲ್ಲಿ ಕೂದಲು ತೂರಿದರೂ ಅವನ ಮನೆತನಕ್ಕೆ ಅವಮಾನ. ಬೇಸಿಗೆಯ ನಡುವೆ ಹೊಳೆಯ ಮಡುವಿಗೆ ಇಳಿಸಿ, ನೀರು ಕುಡಿಯಲಿ ಎಂದು ರಾತ್ರಿ ಬಿಟ್ಟೆವು. ಬೆಳಿಗ್ಗೆ ನೋಡಿದರೆ, ಒಣಗಿದ ಸಾಗವಾನಿ ಉಬ್ಬಿ, ಉಬ್ಬಲು ಜಾಗವಿಲ್ಲದೆ ಮೊಳೆ ಕಿತ್ತುಕೊಂಡು ಹೊರಗೆ ಬಾಗಿತ್ತು. ಮೌನೇಶಪ್ಪ ತಲೆಯ ಮೇಲೆ ಕೈ ಹೊತ್ತು ಕೂತ. ಶ್ರಾವಣ ದೂರವಿರಲಿಲ್ಲ.

ಆಗ ನೋಡಲು ಬಂದವಳು ಕುಬಸ ಹೊಲಿಯುವ ಹಾಜಿರಾಬಿ, ಊರಿನ ಹೆಂಗಸರ ಮೈಯಳತೆಯನ್ನೆಲ್ಲ ಬಾಯಿಪಾಠ ಮಾಡಿಕೊಂಡವಳು. ದಂಡೆಗೆ ಎಳೆದಿಟ್ಟ ದೋಣಿಗೆ ಒಂದು ಸುತ್ತು ಹಾಕಿ ಹೇಳಿದಳು: "ಮೌನೇಶಣ್ಣಾ, ಬಸರಾಗೇತಲ್ಲೋ ನಿನ್ನ ದೋಣಿ! ಬಸರಿಗೆ ಯಾರರ ಬಿಗಿ ಕುಬಸ ಹೊಲೀತಾರೇನು? ಸಡಿಲ ಬಿಡಬೇಕಪಾ."

ಮೊದಲು ನಕ್ಕವನು ಮೌನೇಶಪ್ಪನೇ. ಹಲಗೆಗಳನ್ನು ಬಿಚ್ಚಿ, ಈ ಸಲ ಸಣ್ಣ ಸಂದು ಬಿಟ್ಟು ಜೋಡಿಸಿದೆವು. ಡಾಂಬರಿನಲ್ಲಿ ಅದ್ದಿದ ಹತ್ತಿಯನ್ನು ಸಂದಿಗೆ ಹಗುರಾಗಿ ತುಂಬಿದ್ದು ನಾನು. ಪ್ರತಿ ಸಂದು ಬಿಡುವಾಗಲೂ ಮೌನೇಶಪ್ಪನ ಮುಖ ಹಲ್ಲು ಕೀಳಿಸಿಕೊಳ್ಳುವವನ ಹಾಗಿರುತ್ತಿತ್ತು. ಮರ ನೀರು ಕುಡಿಯಿತು, ಉಬ್ಬಿತು, ತಾನಾಗಿ ಬಿಗಿಯಾಯಿತು. ಒಂದು ಹನಿ ಒಳಗೆ ಬರಲಿಲ್ಲ.

ಇನ್ನು ಹಾಯಿ. ಮುಂಬೈಯಿಂದ ಬರಬೇಕಾಗಿದ್ದ ಕ್ಯಾನ್ವಾಸ್ ಆಷಾಢ ಬಂದರೂ ಬರಲಿಲ್ಲ. ನಮ್ಮ ಕಡೆ ಹೆರಿಗೆ ಮಾಡಿಸಿದವಳನ್ನು ಆ ಮನೆಯಿಂದ ಬರಿಗೈಲಿ ಕಳಿಸುವುದಿಲ್ಲ. ಅಕ್ಕಿ, ಕೊಬ್ಬರಿ, ಕುಬಸಕ್ಕೆಂದು ಒಂದು ಗುಳೇದಗುಡ್ಡದ ಖಣದ ಬಟ್ಟೆ ಉಡಿಗೆ ಹಾಕುತ್ತಾರೆ. ಅಕ್ಕಿ ಅನ್ನವಾಗುತ್ತಿತ್ತು. ಆದರೆ ಯೂನಿಫಾರ್ಮು ತೊಡುವ ನನಗೆ ಬಣ್ಣದ ಕುಬಸ ಎಲ್ಲಿಂದ? ಖಣಗಳು ತ್ರಿಕೋನವಾಗಿ ಮಡಿಸಿದಂತೆಯೇ ಟ್ರಂಕು ತುಂಬಿದ್ದವು. ಅದನ್ನು ಹಾಜಿರಾಬಿಯ ಮುಂದೆ ತೆರೆದಿಟ್ಟು, ಎಲ್ಲ ಕೂಡಿಸಿ ಒಂದೇ ಮಾಡಿ ಹೊಲಿ ಎಂದೆ.

"ಯಾ ಅಲ್ಲಾ! ಇಷ್ಟ ದೊಡ್ಡ ಕುಬಸ ಯಾರಿಗ್ರಿ, ಬಾಯಾರ?"

"ಹೊಳಿಗೆ."

ಎರಡು ಪದರ ಮಾಡಿ, ಖಣಕ್ಕೆ ಖಣ ಕೂಡಿಸಿ ಹೊಲಿದಳು. ಕೆಂಪು, ಹಸಿರು, ನವಿಲು ಬಣ್ಣ. ಎತ್ತಿ ಕಟ್ಟಿದಾಗ ದೋಣಿ ಮದುವೆ ಹೆಣ್ಣಿನಂತೆ ನಾಚಿ ಬಾಗಿತು. ಕಲಿಯುವಾಗ ಎರಡು ಸಲ ಮಗುಚಿಕೊಂಡೆವು. ಮೈಯೆಲ್ಲ ರಾಡಿಯಾದ ನರ್ಸನ್ನು ನೋಡಿ ಊರು ಹಬ್ಬ ಮಾಡಿತು.

ಶ್ರಾವಣದ ಒಂದು ಮಧ್ಯಾಹ್ನ ತಾಟಿನ ಸದ್ದು. ಮೌನೇಶಪ್ಪ ಆಗಲೇ ಹಗ್ಗ ಬಿಚ್ಚುತ್ತಿದ್ದ. ದಂಡೆಗುಂಟ ಮೇಲಕ್ಕೆ ಎಳೆದುಕೊಂಡು ಹೋಗಿ ಹೊಳೆಗೆ ಬಿಟ್ಟೆವು. ಹಾಯಿಯ ಹಗ್ಗ ನನ್ನ ಕೈಯಲ್ಲಿ, ಚುಕ್ಕಾಣಿ ಅವನ ಕೈಯಲ್ಲಿ. ನಡುನೀರಿನ ಸೆಳವು ಎಳೆಯಿತು. ನಾನು ಹಗ್ಗ ಬಿಗಿದೆ. ಗಾಳಿ ತುಂಬಿತು, ಕೆಳಗಿನ ಹಲಗೆ ಗುಂಯ್ ಎಂದಿತು.

"ಬಿಡಬ್ಯಾಡ್ರಿ, ಬಾಯಾರ!"

"ನೀ ಮುಂದ ನೋಡು ಮಾರಾಯಾ!"

ಆಚೆ ದಂಡೆಯ ಹೆಂಗಸರು ಕಾಳವ್ವನ ಬೇನೆಯನ್ನೂ ಮರೆತು ಕೂಗತೊಡಗಿದರು. "ಆ ಕೆಂಪಂದು ನಂದು ನೋಡ! ನಮ್ಮ ಸಂಗಪ್ಪ ಹುಟ್ಟಿದಾಗ ಕೊಟ್ಟಿದ್ದು!" "ನಿಂದು ಎಲ್ಲಿಂದವಾ, ಅದು ನಂದು!" ಆ ಜಗಳದ ನಡುವೆ, ಬಟ್ಟೆ ಒಗೆಯುವ ಮೆಟ್ಟಿಲಿಗೇ ದೋಣಿ ಹೋಗಿ ನಿಂತಿತು.

ಮತ್ತೆ ಕಾಲೇ ಮುಂದಿತ್ತು. ಆದರೆ ಈ ಸಲ ನಾನು ಹೊತ್ತಿಗೆ ಸರಿಯಾಗಿ ಅಲ್ಲಿದ್ದೆ. ಕಾಲು, ಸೊಂಟ, ತೋಳು. ಕೊನೆಗೆ ತಲೆ, ಆತುರಪಡದೆ. ಕಾಳವ್ವ ನನ್ನ ಭುಜ ಕಚ್ಚಿದಳು, ಕೂಸು ಅತ್ತಿತು, ನಾನೂ ಅತ್ತೆ. ವೆರಿ ಅನ್‌ಪ್ರೊಫೆಷನಲ್.

ಕಾಳವ್ವನ ಅತ್ತೆ ದಂಡೆಗೆ ಹೋಗಿ, ದೋಣಿಯ ಹತ್ತಿರ ಕಾಯುತ್ತಿದ್ದ ಮೌನೇಶಪ್ಪನಿಗೆ ಕೂಗಿ ಹೇಳಿದಳು: "ಬೀಗರ, ಹೆಣ್ಣು ಕೂಸು! ಅವ್ವಾ ಮಗಳು ಇಬ್ಬರೂ ಚಲೋ ಅದಾರ. ನಿಮ್ಮ ಬಂಡಿ ಅಡ್ಡಿ ಇಲ್ಲ ಬಿಡ್ರಿ!"

ಹೆರಿಗೆಯ ಕೆಲಸದಲ್ಲಿ ಅರ್ಧ ಪಾಲು ಕೈಚಳಕ, ಉಳಿದರ್ಧ ಹೊತ್ತಿಗೆ ಮುಟ್ಟುವುದು. ಆ ಉಳಿದರ್ಧವನ್ನು ನನಗೆ ಕೊಟ್ಟವರು ಈಚೆ ಆಚೆ ದಂಡೆಯ ಆ ಹೆಂಗಸರೇ, ಒಂದೊಂದು ಖಣದಂತೆ.

ಕೆಲವು ವರ್ಷಗಳ ನಂತರ ನನಗೆ ವರ್ಗವಾಯಿತು. ಅಷ್ಟರಲ್ಲಿ ಕ್ಯಾನ್ವಾಸ್ ಬಂದಿತ್ತು. ಹಳೆಯ ಹಾಯಿ ಬಿಚ್ಚಿದಾಗ ಕಾಳವ್ವ ಒಂದು ಖಣ ಕೇಳಿ ಇಸಿದುಕೊಂಡಿದ್ದಳು. ಬಾಗಲಕೋಟೆ ಸ್ಟೇಷನ್ನಿಗೆ ಅವಳು ಮಗಳನ್ನು ಕರೆದುಕೊಂಡು ಬಂದಳು. ಅದೇ ಕಂಚಿನ ತಾಟಿನಲ್ಲಿ ನನಗೆ ಹೋಳಿಗೆ. ಹುಡುಗಿಯ ಮೈಮೇಲೆ ಬಿಸಿಲಿಗೆ ಮಾಸಿದ ಖಣದ ಕುಬಸ. ತೋಳಿನ ಗುಂಟ ಹಾಯಿಯ ಹಳೆಯ ಸೂಜಿತೂತುಗಳು. ಅದನ್ನೂ ಸಡಿಲವಾಗಿಯೇ ಹೊಲಿದಿದ್ದರು. ಕಾಳವ್ವನನ್ನು ನಾನು ನೋಡಿದ್ದು ಅದೇ ಕೊನೆ. ಗಾಡಿ ಬಿಟ್ಟಾಗ ಅವಳು ಮಗಳನ್ನು ಎತ್ತಿ ಹಿಡಿದಳು, ಹುಡುಗಿ ಖಾಲಿ ತಾಟನ್ನು ಬಳೆಗೈಯಿಂದ ಬಡಿಯತೊಡಗಿದಳು. ಟಣ್, ಟಣ್, ಟಣ್. ನನ್ನ ಕೈ ತಾನಾಗಿ ಹೆರಿಗೆಯ ಬ್ಯಾಗಿನ ಕಡೆ ಹೋಯಿತು.