ಪ್ಯಾರಲಲ್ ಕಿಚನ್

ಪ್ಯಾರಲಲ್ ಎಂಬ ಶಬ್ದ ನನಗೆ ಚೆನ್ನಾಗಿ ಪರಿಚಯವಾದದ್ದು ಬ್ಯಾಂಕಿನಲ್ಲಿ. ಹೊಸ ಸಾಫ್ಟ್‌ವೇರ್ ಬಂದಾಗ ಹಳೆಯದನ್ನೂ ಜೊತೆಗೇ ನಡೆಸಿ ಎರಡನ್ನೂ ತಾಳೆ ನೋಡುತ್ತಿದ್ದೆವು. ಅದಕ್ಕೆ ಪ್ಯಾರಲಲ್ ರನ್ ಎನ್ನುತ್ತಿದ್ದರು. ಒಂದೇ ಕೆಲಸ ಎರಡು ಸಲ ಮಾಡಿ ಒಂದೇ ಸಂಬಳ ಪಡೆಯುವುದು ಎಂದು ಅದರ ಅರ್ಥ. ವಿಶಾಖಪಟ್ಟಣದಲ್ಲಿದ್ದಾಗ ಡ್ರೈವಿಂಗ್ ಸ್ಕೂಲಿನವನು ಪ್ಯಾರಲಲ್ ಪಾರ್ಕಿಂಗ್ ಕಲಿಸಿದ. ವಿಜಯವಾಡಕ್ಕೆ ವರ್ಗವಾದ ಮೇಲೆ ಬೆಂಜ್ ಸರ್ಕಲ್ ಬಳಿ ಅದನ್ನು ಮಾಡಿ ತೋರಿಸುವಷ್ಟು ಜಾಗ ಇವತ್ತಿನವರೆಗೂ ಸಿಕ್ಕಿಲ್ಲ.

ಇಲ್ಲಿ ಫ್ಲ್ಯಾಟ್ ಕೊಂಡಾಗ ಬಡಗಿ, "ಪ್ಯಾರಲಲ್ ಕಿಚನ್ ಪೆಡದಾಂ ಸಾರ್" ಎಂದ, ಅದನ್ನೇ ಹಾಕೋಣ ಎಂದು. ಎದುರುಬದುರು ಎರಡು ಕಟ್ಟೆ, ನಡುವೆ ಓಡಾಡಲು ಇಷ್ಟೇ ಇಷ್ಟು ದಾರಿ. ಧಾರವಾಡದಿಂದ ಅವ್ವ ನಮ್ಮ ಜೊತೆ ಇರಲು ಬಂದಾಗ ಒಂದು ಕಟ್ಟೆ ಅವಳ ಜೋಳದ ರೊಟ್ಟಿಗಾಯಿತು, ಇನ್ನೊಂದು ನನ್ನ ಹೆಂಡತಿಯ ಗೋಂಗೂರ ಪಪ್ಪಿಗೆ, ಅಂದರೆ ಪುಂಡಿಸೊಪ್ಪಿನ ಬೇಳೆಗೆ. ಹೆಂಡತಿ ಈ ಊರಿನವಳೇ. ಕನ್ನಡ ಅರ್ಥವಾಗುತ್ತದೆ, ನಾಲಿಗೆಗೆ ಬರುವುದಿಲ್ಲ. ತೆಲುಗು ಧಾರಾವಾಹಿ ನೋಡಿ ನೋಡಿ ಅವ್ವನಿಗೆ ತೆಲುಗೂ ಹಾಗೆಯೇ. ಇಬ್ಬರೂ ಬೆನ್ನಿಗೆ ಬೆನ್ನು ಹಾಕಿ ನಿಂತು, ಒಬ್ಬಳು ಕನ್ನಡದಲ್ಲಿ ಇನ್ನೊಬ್ಬಳು ತೆಲುಗಿನಲ್ಲಿ, ಮಧ್ಯಾಹ್ನದವರೆಗೂ ಮಾತಾಡುತ್ತಿದ್ದರು.

"ಎಷ್ಟ ಖಾರಾ ಹಾಕ್ತೀಯವ್ವಾ?"

"ಕೊಂಚೆಮೇ ಅತ್ತಯ್ಯಾ" ಎಂದು ಹೆಂಡತಿ ಇನ್ನೊಂದು ಚಮಚ ಹಾಕುತ್ತಿದ್ದಳು.

ತಾಳೆಯಾಗದ್ದನ್ನು ನೋಡಿ ಸುಮ್ಮನಿರುವ ಜಾಯಮಾನ ನನ್ನದಲ್ಲ. ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದನಂತೆ. ಅವ್ವನಿಗೆ ಕನ್ನಡದಲ್ಲೇ ಉತ್ತರ ಕೊಡಬೇಕೆಂದು ಹೆಂಡತಿಗೆ ಹೇಳಿದೆ. ಅವಳು ಒಪ್ಪಿದಳು. ವಾಕ್ಯವನ್ನು ಮನಸ್ಸಿನಲ್ಲೇ ಕಟ್ಟಿಕೊಂಡು, ನನ್ನ ಮುಖ ನೋಡಿ, ಆಮೇಲೆ ಬಾಯಿ ಬಿಡುತ್ತಿದ್ದಳು. ನಾನು ತಿದ್ದುತ್ತಿದ್ದೆ. ಸ್ವಲ್ಪ ದಿನಗಳಲ್ಲೇ ಅಡುಗೆಮನೆಯಲ್ಲಿ ಹೌದು, ಇಲ್ಲ, ಆಯಿತು ಮಾತ್ರ ಉಳಿದವು. ತಪ್ಪು ಒಂದೂ ಇರಲಿಲ್ಲ.

ಒಂದು ಭಾನುವಾರ ಅವ್ವ ಸೀರೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು.

"ನಾ ನಿನ್ನ ತಮ್ಮನ ಮನಿಗೆ ಹೋಗ್ತೇನಿ. ನಿನ್ನ ಹೇಣ್ತಿಗೆ ನಾ ಬ್ಯಾಡಾಗೇನಿ. ಮಾತಾಡೂದ ಬಿಟ್ಟಾಳ."

ಅವ್ವ ಹೋಗುವುದು ನನಗೆ ಬೇಡವಾಗಿತ್ತು. ಅಡುಗೆಮನೆಗೆ ಓಡಿ ಹೆಂಡತಿಗೆ ಹೇಳಿದೆ.

"ಮೀರೇ ಕದಾ ತೆಲುಗು ವದ್ದನ್ನಾರು!" ಎಂದಳು. ತೆಲುಗು ಬೇಡ ಎಂದವನು ನಾನೇ ಎಂಬುದು ನಿಜ. ಅವಳ ಕಣ್ಣಲ್ಲಿ ನೀರಿತ್ತು. ಆ ನಿಯಮ ಈ ಕ್ಷಣದಿಂದ ರದ್ದು ಎಂದೆ.

ಅವಳು ಕೈಯನ್ನೂ ಒರೆಸಿಕೊಳ್ಳದೆ ಅವ್ವನ ಕೋಣೆಗೆ ನುಗ್ಗಿದಳು. "ಎಕ್ಕಡಿಕಿ ಅತ್ತಯ್ಯಾ? ನೇನು ಒಪ್ಪುಕೋನು!" ಎಂದು, ಹೋಗಲು ತಾನು ಒಪ್ಪುವುದೇ ಇಲ್ಲ ಎಂಬಲ್ಲಿಂದ ಶುರುಮಾಡಿ, ಇಷ್ಟು ದಿನ ಬಾಯಿ ಕಟ್ಟಿಸಿದ್ದರ ಲೆಕ್ಕವನ್ನೆಲ್ಲ ತೆಲುಗಿನಲ್ಲಿ ಒಪ್ಪಿಸಿದಳು. ಅದರಲ್ಲಿ ಹೆಚ್ಚಿನದು ನನ್ನ ಬಗ್ಗೆಯೇ ಇತ್ತು.

"ಸಣ್ಣಾಂವ ಇದ್ದಾಗಿಂದ್ಲೂ ಅಂವ ಹಂಗ" ಎಂದಳು ಅವ್ವ. "ನೀ ಮಾತಾಡವಲ್ಲಿ ಅಂತ ಹೊಂಟಿದ್ದೆನವ್ವಾ."

ಇಬ್ಬರೂ ಅಡುಗೆಮನೆಗೆ ಹೋದರು. ಏನಾದರೂ ಸಮಾಧಾನ ಹೇಳೋಣವೆಂದು ನಾನು ಎರಡು ಕಟ್ಟೆಗಳ ನಡುವೆ ಹೋಗಿ ನಿಂತೆ.

"ನೀ ಹೊರಗ ನಡಿ" ಎಂದಳು ಅವ್ವ. "ನಮಗ ಜಾಗಾ ಸಾಲೂದಿಲ್ಲ."

ನನಗೆ ಜೀವ ಬಂದಂತಾಯಿತು. ಹೊರಗೆ ಬಂದು, ಚೀಲದಲ್ಲಿದ್ದ ಸೀರೆಗಳನ್ನು ತೆಗೆದು ಕಪಾಟಿನಲ್ಲಿಟ್ಟೆ.